ಮಾರಿದ ಟಿವಿ ಗೇಮ್‌ಗಳನ್ನು ಮಲೆನಾಡಿನ ಮಳೆಯಲ್ಲೇ ಮತ್ತೆ ಕೂಡಿಸಿದ್ದು

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿನ ಮನೆಯಲ್ಲಿ ಹಳೇ ಟಿವಿ ಗೇಮ್ ಕ್ಯಾಸೆಟ್ ಇಟ್ಟರೆ ಎರಡೇ ಮಳೆಗಾಲ, ಆಮೇಲೆ ಗುಜರಿಗೇ ಹಾಕಬೇಕು ಅಂದವರು ಒಬ್ಬಿಬ್ಬರಲ್ಲ. ಈಗ ನಾಲ್ಕು ಮಳೆಗಾಲ ಕಳೆದಿದೆ. ನಲವತ್ತರ ಹತ್ತಿರ ಕ್ಯಾಸೆಟ್, ಅವನ್ನು ಆಡಿಸುವ ಮೂರು ಮಿಷನ್, ಒಂದು 21 ಇಂಚಿನ ಡಬ್ಬಾ ಟಿವಿ. ಮೂರು ಕ್ಯಾಸೆಟ್ ಬಿಟ್ಟರೆ ಉಳಿದ ಯಾವುದನ್ನೂ ಊದದೆ, ಮೊದಲ ಸಲಕ್ಕೇ ಚಿತ್ರ ಬರುತ್ತದೆ.

ಮೊದಲಿನ ಸಂಗ್ರಹ ಹೋಗಿದ್ದು ಆರು ಆರೂವರೆ ಸಾವಿರಕ್ಕೆ. ಮತ್ತೆ ಕೂಡಿಸಲು ಇಲ್ಲಿಯವರೆಗೆ ಮೂವತ್ತು ಸಾವಿರ ದಾಟಿದೆ. ದುಡ್ಡಿಗಿಂತ ಸಂಕಟದ ವಿಷಯ ಬೇರೆ. ಮಾರಿದ ಕ್ಯಾಸೆಟ್‌ಗಳು ಒಲೆಯ ಮೇಲಿನ ಅಟ್ಟದಲ್ಲಿದ್ದವು. ಹೊಗೆಯ ಜಿಡ್ಡು ಹಿಡಿದಿತ್ತು ನಿಜ, ಆದರೆ ಬೆಚ್ಚಗಿದ್ದು, ಮಿಷನ್ನಿಗೆ ತಾಗುವ ಪಿನ್ನುಗಳು ಹೊಸದರ ಹಾಗಿದ್ದವು. ಅವುಗಳ ಬದಲಿಗೆ ಕರಾವಳಿಯಿಂದ ಕೊಂಡು ತಂದ ಹನ್ನೆರಡರಲ್ಲಿ ಒಂಬತ್ತಕ್ಕೆ ಹಸಿರು ಕಿಲುಬು ಹಿಡಿದಿತ್ತು. ಒಣಗಿದ ಸಾಮಾನಿನ ಬೆಲೆ ಅದನ್ನು ಕಳೆದುಕೊಂಡ ಮೇಲೆಯೇ ತಿಳಿದದ್ದು.

ಕಿಲುಬು ತೆಗೆಯುವುದರಲ್ಲೇ ಮೊದಲ ವರ್ಷ ಹಾಳಾಯಿತು. ಇಂಕ್ ರಬ್ಬರ್, ನಯವಾದ ಉಪ್ಪಿನ ಕಾಗದ ಎರಡರಲ್ಲೂ ಉಜ್ಜಿದೆ. ಥಳಥಳ ಹೊಳೆದವು, ಚೆನ್ನಾಗಿ ಓಡಿದವು, ಜುಲೈಯಲ್ಲಿ ಐದು ಮತ್ತೆ ಸತ್ತವು. ಉಜ್ಜಿದಾಗ ಮೇಲಿನ ತೆಳು ಚಿನ್ನದ ಲೇಪ ಹೋಗಿ ಒಳಗಿನ ತಾಮ್ರ ಬಯಲಾಗುತ್ತದೆ. ಆಮೇಲೆ ನಮ್ಮ ಗಾಳಿಗೆ ಅದು ತಡೆಯುವುದಿಲ್ಲ. ಈಗ ಮಾಡುವುದು ಇಷ್ಟು: ಹಸಿರು ಇದ್ದರೆ ಬಿಳಿ ವಿನೆಗರ್ ಅದ್ದಿದ ಹತ್ತಿಯನ್ನು ಪಿನ್ನಿನ ಮೇಲೆ ಹತ್ತು ನಿಮಿಷ ಹಾಸಿಡುವುದು, ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ತೊಳೆಯುವುದು, ಕೊನೆಗೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸುವುದು. ವಿನೆಗರ್ ಉಳಿದರೆ ಅದೇ ತಿನ್ನಲು ಶುರುಮಾಡುತ್ತದೆ, ಹಾಗಾಗಿ ತೊಳೆಯುವುದರಲ್ಲಿ ಸೋಮಾರಿತನ ಕೂಡದು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡವೇ ಬೇಡ. ಅದರಲ್ಲಿ ನೀರೂ ಇದೆ, ಗ್ಲಿಸರಿನ್ನೂ ಇದೆ, ಪಿನ್ನಿನ ಮೇಲೆ ಅಂಟು ಉಳಿಯುತ್ತದೆ.

ಇಷ್ಟಾದರೂ ಚಿತ್ರ ಕಲಸಿಕೊಂಡಿದ್ದರೆ ತಪ್ಪು ಬಹುಪಾಲು ಕ್ಯಾಸೆಟ್ಟಿನದಲ್ಲ, ಮಿಷನ್ನಿನ 60 ಪಿನ್ ಸ್ಲಾಟಿನದು. ಒಳಗಿನ ಹಲ್ಲು ಸಡಿಲವಾಗಿರುತ್ತದೆ. ಒಂದೊಂದನ್ನೇ ಕೂದಲೆಳೆಯಷ್ಟು ಒಳಕ್ಕೆ ಬಾಗಿಸಬೇಕು. ಸೂಜಿಯಲ್ಲಿ ಮಾಡಿದರೆ ನಾಲ್ಕಕ್ಕೊಂದು ಮುರಿಯುತ್ತದೆ. ನಾನು ಇದಕ್ಕೆ ಬಳಸುವ ಉಪಕರಣ ನಾನೇ ಮಾಡಿಕೊಂಡದ್ದು, ಅದೊಂದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಚಿಪ್ ಮೇಲೆ ಕಪ್ಪು ಅಂಟಿನ ಬೊಟ್ಟು ಇರುವ ಕ್ಯಾಸೆಟ್‌ಗಳಲ್ಲಿ ಬೊಟ್ಟಿನ ಒಳಗಿನ ತಂತಿ ಬಿಟ್ಟಿದ್ದರೆ ಮಾತ್ರ ಯಾವ ಉಪಾಯವೂ ಇಲ್ಲ. ಅಂಥವು ನನ್ನಲ್ಲೂ ಮೂರಿವೆ.

ಕರೆಂಟಿನಲ್ಲಿ ಕಳೆದುಕೊಂಡದ್ದು ಎರಡು ಮಿಷನ್. ಮನೆಯಲ್ಲಿ ಬಿದ್ದಿರುವ ಹಳೇ ಮೋಡೆಮ್ಮಿನ 9 ವೋಲ್ಟ್ ಅಡಾಪ್ಟರ್ ಪಿನ್ನಿಗೆ ಸರಿಯಾಗಿ ಕೂರುತ್ತದೆ, ಆದರೆ ಅದರಲ್ಲಿ ಸಾಮಾನ್ಯವಾಗಿ ನಡುವೆ ಪಾಸಿಟಿವ್. ನಿಂಟೆಂಡೊದ ಫ್ಯಾಮಿಕಾಮ್ ಮಿಷನ್ನಿಗೂ ಸೆಗಾದ ಮೊದಲ ಮಾದರಿಯ ಮೆಗಾ ಡ್ರೈವ್‌ಗೂ ನಡುವೆ ನೆಗೆಟಿವ್. ನಕಲಿ ಮಿಷನ್‌ಗಳಲ್ಲಿ ಒಂದೊಂದು ಒಂದೊಂದು ಥರ. ಈಗ ಮೀಟರ್ ಇಡದೆ ಯಾವುದನ್ನೂ ಚುಚ್ಚುವುದಿಲ್ಲ. ಉಲ್ಟಾ ಚುಚ್ಚಿದರೂ ಕರೆಂಟ್ ಒಳಗೆ ಹೋಗದ ಹಾಗೆ ಡಿಸಿ ಒಳಬರುವ ಕಡೆ ಒಂದು 1ಎನ್4007 ಡಯೋಡ್ ಸರಣಿಯಲ್ಲಿ ಹಾಕಿದ್ದೇನೆ. 0.7 ವೋಲ್ಟ್ ಹೋದರೂ ಒಳಗೆ 5 ವೋಲ್ಟ್ ಮಾಡಿಕೊಡುವ 7805 ರೆಗ್ಯುಲೇಟರಿಗೆ ಬೇಕಾದಷ್ಟು ಉಳಿಯುತ್ತದೆ. ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳನ್ನೂ ಕೈಬಿಟ್ಟೆ. 9 ಎಂದು ಬರೆದಿರುತ್ತದೆ, ಲೋಡ್ ಇಲ್ಲದಾಗ 13 ತೋರಿಸುತ್ತದೆ, 7805 ವಿಪರೀತ ಬಿಸಿಯಾಗುತ್ತದೆ. ಚಿತ್ರದಲ್ಲಿ ಅಡ್ಡ ಪಟ್ಟಿ ಉರುಳುತ್ತ ಗುಂಯ್‌ಗುಟ್ಟಿದರೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಬದಲಿಸಿ, 25 ವೋಲ್ಟಿನದು. ಹತ್ತು ರೂಪಾಯಿಯ ಕೆಲಸ.

ಇನ್ನು ಮುಖ್ಯ ಸಂಗತಿ, ಒಣಗಿಸಿಡುವುದು. ಅಕ್ಕಿ ನೋಡಿದೆ, ಹುರಿದ ಉಪ್ಪು ನೋಡಿದೆ, ಸುಟ್ಟ ಸುಣ್ಣವನ್ನೂ ನೋಡಿದೆ. ಅಕ್ಕಿಗೆ ಅಷ್ಟು ಶಕ್ತಿಯಿಲ್ಲ, ಉಪ್ಪು ನೀರಾಗಿ ಹರಿಯಿತು. ಸುಣ್ಣ ಚೆನ್ನಾಗಿಯೇ ಹೀರುತ್ತದೆ, ಆದರೆ ಅರಳಿ ಪುಡಿಯಾಗಿ ಬಟ್ಟೆಯಿಂದ ಹೊರಗೆ ಬಂದು ಪಿನ್ನುಗಳ ಮೇಲೆ ಕೂತಿತು. ಕಪಾಟಿನಲ್ಲಿ 15 ವ್ಯಾಟ್ ಬಲ್ಬ್ ಉರಿಸಿದ್ದು ಕೆಲಸಮಾಡಿತು, ಗಾಳಿ ಮಳೆಗೆ ಎರಡು ದಿನ ಕರೆಂಟ್ ಹೋಗುವವರೆಗೆ. ತಣ್ಣಗಾದ ಕಪಾಟಿನೊಳಗೆ ಹೊರಗಿನ ಥಂಡಿ ನುಗ್ಗಿ ಮೂರೇ ವಾರದಲ್ಲಿ ಲೇಬಲ್‌ಗಳಿಗೆ ಬೂಷ್ಟು.

ಗೆದ್ದದ್ದು ನೀಲಿ ಸಿಲಿಕಾ ಜೆಲ್. ರಬ್ಬರ್ ಅಂಚಿನ ಮುಚ್ಚಳವಿರುವ 20 ಲೀಟರ್ ಡಬ್ಬಿಗೆ ಕಾಲು ಕಿಲೋ, ಹತ್ತಿಬಟ್ಟೆಯ ಎರಡು ಚೀಲದಲ್ಲಿ. ಒಳಗೊಂದು ತೇವಾಂಶ ಮೀಟರ್, ಇನ್ನೂರೈವತ್ತು ರೂಪಾಯಿಯದು. ಹೊರಗೆ 95 ಪರ್ಸೆಂಟ್ ಇರುವಾಗ ಒಳಗೆ 40ರಿಂದ 45 ನಿಲ್ಲುತ್ತದೆ. ಆರೇಳು ವಾರಕ್ಕೆ ಹರಳು ಗುಲಾಬಿಗೆ ತಿರುಗುತ್ತದೆ. ಆಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಸುಮಾರು 120 ಡಿಗ್ರಿಯಲ್ಲಿ, ಎರಡು ಗಂಟೆ. ಉರಿ ಹೆಚ್ಚಾದರೆ ಕಪ್ಪಾಗಿ ಕೆಟ್ಟುಹೋಗುತ್ತದೆ. ನೀಲಿ ಬಣ್ಣ ಕೋಬಾಲ್ಟಿನದು, ವಿಷ. ಆ ಬಾಣಲೆ ಮತ್ತೆ ಅಡುಗೆಗೆ ಹೋಗಬಾರದು. ಅಡಿಕೆ ಡ್ರೈಯರ್‌ನಲ್ಲಿಟ್ಟೂ ನೋಡಿದೆ. ಅಡಿಕೆಗೆ ಸಾಕಾಗುವ ಆ ಕಾವು ಇದಕ್ಕೆ ಸಾಲದು, ಒಂದು ರಾತ್ರಿ ಪೂರ್ತಿ ಬಿಟ್ಟರೂ ಅರ್ಧ ಗುಲಾಬಿಯೇ ಉಳಿಯಿತು. ಒದ್ದೆ ಹವೆಯಲ್ಲಿ ಡಬ್ಬಿ ತೆಗೆದರೆ ಬೇಕಾದ ಕ್ಯಾಸೆಟ್ ತೆಗೆದು ಕೂಡಲೇ ಮುಚ್ಚುವುದು. ಬಾಯಿಂದ ಊದುವುದಂತೂ ಕಿಲುಬಿಗೆ ನೀರು ಹಾಕಿದ ಹಾಗೆ.

ಡಬ್ಬಾ ಟಿವಿ ಇಲ್ಲದಿದ್ದರೆ ಗನ್ ಆಟಗಳು ಆಡುವುದಿಲ್ಲ, ಹಾಗಾಗಿ ನಾನೂರು ಕೊಟ್ಟು ಒಂದನ್ನು ತಂದೆ. ಮಳೆಗಾಲದಲ್ಲಿ ಹಚ್ಚಿದಾಗ ಹಿಂದಿನಿಂದ ಚಟಪಟ ಸದ್ದು ಬಂದರೆ ಬಹುಪಾಲು ಪಿಕ್ಚರ್ ಟ್ಯೂಬಿನ ಇಎಚ್‌ಟಿ ಕ್ಯಾಪಿನ, ಅಂದರೆ ಹೈ ವೋಲ್ಟೇಜ್ ತಂತಿ ಸೇರುವ ರಬ್ಬರ್ ಮುಚ್ಚಳದ, ಸುತ್ತ ಥಂಡಿ ಕೂತಿದೆ ಎಂದು ಅರ್ಥ. ಅಲ್ಲಿ 20 ಸಾವಿರ ವೋಲ್ಟಿಗೂ ಹೆಚ್ಚು ಇರುತ್ತದೆ, ಆರಿಸಿದ ಮೇಲೂ ನಿಂತಿರುತ್ತದೆ. ಡಿಸ್ಚಾರ್ಜ್ ಮಾಡಲು ಬಾರದವರು ಹಿಂದಿನ ಮುಚ್ಚಳ ತೆಗೆಯಬೇಡಿ.

ಮಿಷನ್ನಿನ ಹಳದಿಯಾದ ಪ್ಲಾಸ್ಟಿಕ್ ಮೈಯನ್ನು ಬೆಳ್ಳಗೆ ಮಾಡುವ ಹುಚ್ಚೂ ಹಿಡಿಯಿತು. ಬ್ಯೂಟಿ ಪಾರ್ಲರಿನವರು ಬಳಸುವ 12 ಪರ್ಸೆಂಟ್ ಪೆರಾಕ್ಸೈಡ್ ಕ್ರೀಮ್ ಬಳಿದು ಪ್ಲಾಸ್ಟಿಕ್ ಸುತ್ತಿ ಫೆಬ್ರವರಿಯ ಬಿಸಿಲಿಗೆ ಅಂಗಳದಲ್ಲಿಟ್ಟೆ. ಒಂದು ಕಡೆ ಕ್ರೀಮ್ ಒಣಗಿ ಪಟ್ಟೆಪಟ್ಟೆಯಾಯಿತು. ಎರಡನೆಯದನ್ನು ಅರ್ಧ ಗಂಟೆಗೊಮ್ಮೆ ತಿರುಗಿಸಿ ಮತ್ತೆ ಬಳಿದೆ, ಐದು ಗಂಟೆಗೆ ಒಂದೇ ಬಣ್ಣ ಬಂತು.

ಮಾರಿದವುಗಳಲ್ಲಿ ಮರಳಿ ಸಿಕ್ಕಿದ್ದು ಒಂದೇ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ನ ಪೋಕೆಮಾನ್ ಗೋಲ್ಡ್. ಇನ್ನೂರಕ್ಕೆ ಕೊಟ್ಟದ್ದನ್ನು ಸಾವಿರದ ಎಂಟುನೂರಕ್ಕೆ ತಂದೆ. ಆಟ ಎಲ್ಲಿಯವರೆಗೆ ಬಂದಿತ್ತೋ ಆ ಹಳೇ ಸೇವ್ ಹಾಗೇ ಇತ್ತು, ಅದನ್ನು ಉಳಿಸುವ ಒಳಗಿನ ಬ್ಯಾಟರಿ ಮಾತ್ರ 2.7 ವೋಲ್ಟಿಗೆ ಇಳಿದಿತ್ತು. ಹಾಗೇ ಬಿಚ್ಚಿದರೆ ಸೇವ್ ಅಳಿಯುತ್ತದೆ. ಎರಡು ಪೆನ್ಸಿಲ್ ಸೆಲ್ ಸರಣಿಯಲ್ಲಿ ಜೋಡಿಸಿ, ನಡುವೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಬ್ಯಾಟರಿಯ ಎರಡೂ ಪ್ಯಾಡಿಗೆ ತೆಳು ತಂತಿ ಬೆಸೆದೆ. ರೆಸಿಸ್ಟರ್ ಇಲ್ಲದಿದ್ದರೆ ಹಳೇ ಲಿಥಿಯಂ ಸೆಲ್ಲಿಗೆ ಕರೆಂಟ್ ನುಗ್ಗುತ್ತದೆ. ಕಾದ ಐರನ್ನಿನ ಪ್ಲಗ್ ಕಿತ್ತೇ ಬೆಸುಗೆ ಬಿಡಿಸುವುದು. ಮೂಲ ಸೆಲ್ ಸಿಆರ್2025, ಬೆಸೆಯಲು ಲೋಹದ ಪಟ್ಟಿ ಇರುವುದನ್ನೇ ತರಿಸಿ. ಸಿಆರ್2032 ದಪ್ಪ, ಮುಚ್ಚಳ ಉಬ್ಬುತ್ತದೆ. ಈ ಆಟದ ಒಳಗೆ ಗಡಿಯಾರವೂ ಓಡುವುದರಿಂದ ಬೇರೆ ಆಟಗಳಿಗಿಂತ ಬೇಗ ಸೆಲ್ ತಿನ್ನುತ್ತದೆ. ಹೊಸದು ಈಗ 3.2 ತೋರಿಸುತ್ತಿದೆ, ಸೇವ್ ಉಳಿದಿದೆ.

ಇದನ್ನು ಮರಳಿ ಕೊಟ್ಟ ಗಿರಾಕಿಯ ಹತ್ತಿರ ಇನ್ನೂ ಹದಿನೈದಿಪ್ಪತ್ತು ಕ್ಯಾಸೆಟ್ ಇವೆ. ಬೆಲೆಗೆ ಒಪ್ಪಿಲ್ಲ. ಪಿನ್ನುಗಳ ಫೋಟೋ ಕೇಳಿದ್ದೇನೆ.