ಗುಳೆ ಹೋಗಿ ಬಂದ ಮೇಲೆ ಜ್ವರ: ಡಾಕ್ಟರ ಮುಂದೆ ಏನು ಹೇಳಬೇಕು?

ವಿಜಯಪುರದ ತಾಂಡಾಗಳಿಂದ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಜನ ಗುಳೆ ಹೋಗುವುದು ಹೊಸದೇನಲ್ಲ. ಗೋವಾ, ಮಂಗಳೂರು, ಪುಣೆಗಳಲ್ಲಿ ಕಟ್ಟಡ ಕೆಲಸ. ಕೊಲ್ಹಾಪುರ, ಸಾಂಗ್ಲಿ ಕಡೆ ಕಬ್ಬು ಕಟಾವು. ಊರಿಗೆ ಬಂದ ಕೆಲವು ದಿನಕ್ಕೆ ಒಬ್ಬರಿಗೆ ಜ್ವರ ಬರುತ್ತದೆ. ದವಾಖಾನೆಯಲ್ಲಿ ಹೇಳುವುದು ಒಂದೇ ಮಾತು: “ಎರಡ ದಿನ ಆತ್ರಿ ಸಾಹೇಬ್ರ, ಜ್ವರ, ಮೈಕೈ ನೋವು.” ಎಲ್ಲಿ ಹೋಗಿದ್ದಿರಿ ಎಂದು ಅವರು ಕೇಳುವುದಿಲ್ಲ, ಇವರು ಹೇಳುವುದಿಲ್ಲ. ಒಂದು ಸಲೈನ್, ಒಂದು ಇಂಜೆಕ್ಷನ್, ಮನೆಗೆ. ಅಪರೂಪದ ಜ್ವರಗಳು ಕೈತಪ್ಪಿ ಹೋಗುವುದು ಎಷ್ಟೋ ಸಲ ಇಲ್ಲೇ.

ದೊಡ್ಡ ಲ್ಯಾಬಿಗಿಂತ ಮೊದಲು ಬೇಕಾದದ್ದು ಮೂರು ಮಾತು: ಎಲ್ಲಿದ್ದಿರಿ, ಏನು ಕೆಲಸ ಮಾಡಿದಿರಿ, ಯಾವಾಗ ಬಂದಿರಿ. ಅದನ್ನು ಮನೆಯಲ್ಲೇ ಸಿದ್ಧ ಮಾಡಿಕೊಳ್ಳುವುದು ಹೇಗೆ, ಆಮೇಲೆ ಏನು ಮಾಡಬೇಕು, ನೋಡೋಣ.

ಒಂದು: ದಿನ ಲೆಕ್ಕ ಹಾಕಿ ಚೀಟಿ ಬರೆಯಿರಿ

ತಾರೀಖು ನೆನಪಿಲ್ಲ ಅನ್ನುವವರೇ ಜಾಸ್ತಿ. ಆದರೆ ಬನಶಂಕರಿ ಜಾತ್ರೆಗೆ ಮೊದಲೋ ಆಮೇಲೋ, ಯುಗಾದಿಗೆ ಊರಲ್ಲಿದ್ದರೋ ಇಲ್ಲವೋ ಎಂದು ಕೇಳಿ ನೋಡಿ, ಥಟ್ಟನೆ ಹೇಳುತ್ತಾರೆ. ಅಂಗಿ ಜೇಬಿನಲ್ಲಿ ಬಸ್ ಟಿಕೆಟ್ ಇರಬಹುದು. ಫೋನ್‌ಪೇಯಲ್ಲಿ ಮೇಸ್ತ್ರಿ ಕೊನೆಯ ಪಗಾರ ಹಾಕಿದ ದಿನ ಇರುತ್ತದೆ. ಊರಿಗೆ ಬಂದ ದಿನ ಮತ್ತು ಜ್ವರ ಶುರುವಾದ ದಿನ, ಎರಡನ್ನೂ ಬರೆದುಕೊಳ್ಳಿ.

ಇದು ಯಾಕೆ ಬೇಕೆಂದರೆ, ರೋಗಾಣು ಮೈಯೊಳಗೆ ಹೊಕ್ಕು ಜ್ವರ ಬರಿಸುವುದಕ್ಕೆ ಪ್ರತಿಯೊಂದು ರೋಗಕ್ಕೂ ಅದರದೇ ಸಮಯ ಬೇಕು. ಡೆಂಗಿಗೆ ಸಾಮಾನ್ಯವಾಗಿ 4ರಿಂದ 10 ದಿನ. ಮಂಗನ ಕಾಯಿಲೆಗೆ 3ರಿಂದ 8 ದಿನ. ನುಸಿಯ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೆ 6ರಿಂದ 21 ದಿನ. ಇಲಿ ಜ್ವರಕ್ಕೆ 2ರಿಂದ 30 ದಿನ. ಗೋವಾದಿಂದ ಬಂದು ಒಂದು ತಿಂಗಳಾದ ಮೇಲೆ ಜ್ವರ ಶುರುವಾದರೆ ಅದು ಅಲ್ಲಿಂದ ತಂದ ಡೆಂಗಿ ಅಲ್ಲ. ಹೀಗೆ ಒಂದೊಂದನ್ನೇ ಬಿಡುತ್ತಾ ಹೋಗಲು ಡಾಕ್ಟರಿಗೆ ನಿಮ್ಮ ಚೀಟಿ ಬೇಕು.

ಮಲೇರಿಯಾ ಮಾತ್ರ ಈ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಫಾಲ್ಸಿಪಾರಂ ಜಾತಿಯದು ಸಾಮಾನ್ಯವಾಗಿ ಸೊಳ್ಳೆ ಕಚ್ಚಿದ ಒಂದು ವಾರದ ಮೇಲೆ, ತಿಂಗಳೊಳಗೆ ಬರುತ್ತದೆ. ವೈವಾಕ್ಸ್ ಜಾತಿಯ ರೋಗಾಣು ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಸುಮ್ನೆ ಅಡಗಿ ಕೂತು ತಿಂಗಳುಗಳ ನಂತರವೂ ಏಳಬಹುದು. ಹಾಗಾಗಿ ಆರು ತಿಂಗಳ ಹಿಂದಿನ ಮಂಗಳೂರನ್ನೂ ಚೀಟಿಯಲ್ಲಿ ಬರೆಯಿರಿ. ರಾಜ್ಯದಲ್ಲಿ ಮಲೇರಿಯಾ ಬಹಳ ಕಾಲ ಹೆಚ್ಚಾಗಿ ಕಂಡದ್ದು ಆ ಕರಾವಳಿಯಲ್ಲೇ. ಈಗ ತುಂಬಾ ಇಳಿದಿದೆ, ಹೋಗಿಲ್ಲ.

ಎರಡು: ಕೆಲಸ ಯಾವುದು ಎಂದು ಬಿಡಿಸಿ ಹೇಳಿ

“ಕೂಲಿ ಕೆಲಸ” ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಕಟ್ಟಡ ಕೆಲಸ ಎಂದರೆ ಸಿಮೆಂಟ್ ಗಟ್ಟಿಯಾಗಲೆಂದು (ಕ್ಯೂರಿಂಗ್‌ಗೆ) ನಿಲ್ಲಿಸಿದ ನೀರು, ತೆರೆದ ಟ್ಯಾಂಕು, ಅದರಲ್ಲಿ ಬೆಳೆಯುವ ಮಲೇರಿಯಾ ಸೊಳ್ಳೆ, ಡೆಂಗಿ ಸೊಳ್ಳೆ. ಗೋವಾದಲ್ಲಿ ಕಟ್ಟಡ ಕಾರ್ಮಿಕರಿಗೆ ರಕ್ತ ನೋಡಿ ಹೆಲ್ತ್ ಕಾರ್ಡ್ ಕೊಡುವ ಪದ್ಧತಿ ಇರುವುದೂ ಈ ಮಲೇರಿಯಾಕ್ಕಾಗಿಯೇ. ಆ ಕಾರ್ಡ್ ಇದ್ದರೆ ಜೊತೆಗೆ ಒಯ್ಯಿರಿ.

ಗೋಡಂಬಿ ತೋಟ, ಕಾಡಂಚಿನ ಕೆಲಸ ಎಂದರೆ ಉಣ್ಣಿ. ಉಣ್ಣಿ ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಮೇಲೆ ಅದು ಗೋವಾದ ಸತ್ತರಿ ತಾಲ್ಲೂಕು, ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗಳಲ್ಲೂ ಕಾಣಿಸಿಕೊಂಡಿದೆ. ಎರಡೂ ಬೆಳಗಾವಿಯ ಪಕ್ಕದವೇ. ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕದ ಕಾಯಿಲೆ ಅದು. ಗೋಡಂಬಿ ಸುಗ್ಗಿಯೂ ಆಗಲೇ, ಅಲ್ವಾ?

ಕಬ್ಬಿನ ಗದ್ದೆ, ಭತ್ತದ ಗದ್ದೆ, ಚರಂಡಿ ಕೆಲಸ ಎಂದರೆ ಇಲಿ. ಇಲಿಯ ಮೂತ್ರ ಬಿದ್ದ ಕೆಸರಿನಲ್ಲಿ ಬರಿಗಾಲಲ್ಲಿ ನಿಂತರೆ, ರವದಿ (ಕಬ್ಬಿನ ಗರಿ) ಕೊಯ್ದ ಗಾಯದಿಂದ ರೋಗಾಣು ಒಳಗೆ ಹೋಗುತ್ತದೆ. ಮೀನಖಂಡ ಹಿಂಡಿದಂಥ ನೋವು, ಕೆಂಪು ಕಣ್ಣು, ಆಮೇಲೆ ಕಾಮಾಲೆ ಇದ್ದರೆ ಇಲಿ ಜ್ವರದ ಅನುಮಾನ ಬರಬೇಕು.

ಮೂರು: ಮೈ ಪೂರ್ತಿ ನೋಡಿ

ಇದನ್ನು ಯಾರೂ ಮಾಡುವುದಿಲ್ಲ, ನನ್ನ ದೊಡ್ಡ ತಕರಾರು ಇದೇ. ಸ್ಕ್ರಬ್ ಟೈಫಸ್ ಹರಡುವುದು ಪೊದೆ, ಹುಲ್ಲಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಮರಿಯಿಂದ. ಅದು ಕಚ್ಚಿದ ಜಾಗದಲ್ಲಿ ಬೀಡಿ ತಾಗಿ ಸುಟ್ಟ ಹಾಗೆ ಕರಿ ಹಕ್ಕಳೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯೂ ಇರುವುದಿಲ್ಲ, ಅದಕ್ಕೇ ರೋಗಿಗೂ ಗೊತ್ತಿರುವುದಿಲ್ಲ. ಇರುವ ಜಾಗವೂ ಹಾಗೇ: ಕಂಕುಳು, ತೊಡೆಸಂದು, ಸೊಂಟದ ಉಡಿದಾರದ ಕೆಳಗೆ, ಹೆಂಗಸರಲ್ಲಿ ಎದೆಯ ಕೆಳಗೆ. ಎಲ್ಲರಲ್ಲೂ ಈ ಗುರುತು ಬರುವುದಿಲ್ಲ. ಆದರೆ ಕಂಡರೆ ಅರ್ಧ ಕೆಲಸ ಮುಗಿದ ಹಾಗೆ, ಯಾಕೆಂದರೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಗೆ ಈ ಜ್ವರ ಎರಡು ಮೂರು ದಿನದಲ್ಲೇ ಇಳಿಯುತ್ತದೆ. ತಡವಾದರೆ ಶ್ವಾಸಕೋಶ, ಕಿಡ್ನಿಗೆ ಬರುತ್ತದೆ.

ಮೊಬೈಲ್ ಟಾರ್ಚ್ ಹಿಡಿದು ಮನೆಯವರೇ ನೋಡಬಹುದು. ಹೊರಗಿನವರ ಮುಂದೆ ಸಂಕೋಚ ಇರುವ ಅಕ್ಕತಂಗಿಯರು ಮನೆಯಲ್ಲೇ ನೋಡಿಕೊಂಡು “ಇಲ್ಲೊಂದು ಕರಿ ಗುರುತು ಐತ್ರಿ” ಎಂದರೆ ಸಾಕು. ಮಾತ್ರೆ ಮಾತ್ರ ಸ್ವಂತಕ್ಕೆ ನುಂಗಬೇಡಿ. ಬಸುರಿಯರಿಗೆ ಇದರ ಬದಲು ಬೇರೆ ಮಾತ್ರೆ ಕೊಡುತ್ತಾರೆ.

ನಾಲ್ಕು: ಮೊದಲು ರಕ್ತ, ಆಮೇಲೆ ಮಾತ್ರೆ

ಜ್ವರ ಬಂದ ದಿನವೇ ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಮಲೇರಿಯಾ ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. ಬೆರಳ ತುದಿ ಚುಚ್ಚಿ ಗಾಜಿನ ಮೇಲೆ ರಕ್ತವನ್ನು ಒಂದು ಕಡೆ ದಪ್ಪಗೆ, ಇನ್ನೊಂದು ಕಡೆ ತೆಳ್ಳಗೆ ಸವರುತ್ತಾರೆ. ದಪ್ಪದರಲ್ಲಿ ರೋಗಾಣು ಇದೆಯೇ ಎಂದು ಹುಡುಕುವುದು, ತೆಳ್ಳಗಿನದರಲ್ಲಿ ಯಾವ ಜಾತಿ ಎಂದು ಗುರುತಿಸುವುದು. ಒಮ್ಮೆ ಇಲ್ಲ ಎಂದು ಬಂದರೂ ಜ್ವರ ಮುಂದುವರಿದರೆ ಒಂದೆರಡು ದಿನ ಬಿಟ್ಟು ಮತ್ತೆ ಮಾಡಿಸಿ. ಹೋದ ಊರಲ್ಲೇ ಮಲೇರಿಯಾ ಮಾತ್ರೆ ತಿಂದಿದ್ದರೆ ಅದನ್ನೂ ಹೇಳಿ. ಸ್ಥಳದಲ್ಲೇ ಮಲೇರಿಯಾ ನೋಡುವ ಕೆಲವು ಕಿಟ್‌ಗಳು ವಾಸಿಯಾದ ಮೇಲೂ ಕೆಲವು ವಾರ ಪಾಸಿಟಿವ್ ತೋರಿಸುತ್ತವೆ.

ಇನ್ನೊಂದು ಮಾತು. ನಮ್ಮ ಕಡೆ ಎಲ್ಲ ಜ್ವರಕ್ಕೂ ಒಂದು ವಿಡಾಲ್ ಟೆಸ್ಟ್ ಮಾಡಿ “ಟೈಫಾಯಿಡ್” ಎಂದು ಬರೆದುಕೊಡುವ ಚಾಳಿ ಇದೆ. ಒಂದೇ ಒಂದು ವಿಡಾಲ್ ರಿಪೋರ್ಟ್ ಮೇಲೆ ಟೈಫಾಯಿಡ್ ಎಂದು ಖಚಿತ ಹೇಳಲು ಬರುವುದಿಲ್ಲ. “ಸಾಹೇಬ್ರ, ಇವರು ಗೋವಾಕ್ಕ ಹೋಗಿ ಬಂದಾರ, ಬ್ಯಾರೆ ಏನರ ಇರಬಹುದೇನ್ರಿ?” ಎಂದು ಕೇಳಲು ಹಿಂಜರಿಯಬೇಡಿ.

ಯಾವ ಜ್ವರ ಎಂದು ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಮಾತ್ರ. ಡೆಂಗಿ ಅಥವಾ ಮಂಗನ ಕಾಯಿಲೆ ಇದ್ದರೆ ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್‌ಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಅಂಗಡಿಯ “ಮೈಕೈ ನೋವಿನ ಗುಳಿಗೆ”ಯಲ್ಲಿ ಇರುವುದು ಎಷ್ಟೋ ಸಲ ಇವೇ.

ಮಂಪರು, ಅರ್ಥವಿಲ್ಲದ ಬಡಬಡಿಕೆ, ಫಿಟ್ಸ್, ಏದುಸಿರು, ಹಳದಿ ಕಣ್ಣು, ಮೂತ್ರ ಕಡಿಮೆಯಾಗುವುದು, ಒಸಡು ಮೂಗಿನಿಂದ ರಕ್ತ, ಕರಿ ಮಲ: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಚೀಟಿ ಮರೆಯಬೇಡಿ.

ಐದು: ಜ್ವರ ಬಿಟ್ಟರೂ ಮಾತ್ರೆ ಬಿಡಬೇಡಿ

ವೈವಾಕ್ಸ್ ಮಲೇರಿಯಾಕ್ಕೆ ಕ್ಲೋರೊಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ. ನಾಲ್ಕನೇ ದಿನಕ್ಕೆ ಮೈ ಹಗುರಾಗುತ್ತದೆ, ಮೇಸ್ತ್ರಿಯ ಫೋನ್ ಬರುತ್ತದೆ, ಮಾತ್ರೆ ಗೂಡಿನಲ್ಲೇ ಉಳಿಯುತ್ತದೆ. ಲಿವರಿನಲ್ಲಿ ಅಡಗಿದ್ದನ್ನು ಕೊಲ್ಲುವುದು ಆ 14 ದಿನದ ಮಾತ್ರೆಯೇ. ಹೋಗಲೇಬೇಕಾದರೆ ಮಾತ್ರೆಯನ್ನೂ ಕಟ್ಟಿಕೊಂಡು ಹೋಗಿ, ಊಟ ಆದ ಮೇಲೆ ನುಂಗಿ. ಮೂತ್ರ ಕಪ್ಪಾದರೆ ನಿಲ್ಲಿಸಿ ಕೂಡಲೇ ಡಾಕ್ಟರನ್ನು ಕಾಣಿ. ಬಸುರಿಯರಿಗೆ, ಒಂದು ವರ್ಷದೊಳಗಿನ ಕೂಸಿಗೆ ಪ್ರೈಮಾಕ್ವಿನ್ ಕೊಡುವುದಿಲ್ಲ.

ನಮ್ಮಲ್ಲಿಗೆ ಬಂದವರಿಗೂ ಇದೇ

ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಿಗೆ ಬೀಡ್ ಕಡೆಯ ಗ್ಯಾಂಗುಗಳು ಬಂದು ಗದ್ದೆಯಂಚಿನ ಗುಡಿಸಲಲ್ಲಿ ಇರುತ್ತವೆ. ಮರಾಠಿ ಬಲ್ಲ ಒಬ್ಬರು ಜೊತೆಗೆ ಹೋದರೆ ಮೇಲಿನ ಮೂರೂ ಮಾತು ಡಾಕ್ಟರಿಗೆ ಮುಟ್ಟುತ್ತವೆ. ಗ್ಯಾಂಗಿನಲ್ಲಿ ಎರಡು ವಾರ ದಾಟಿದ ಕೆಮ್ಮು ಇದ್ದವರಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯ ಎಂದಾದರೆ ಅವರಿಗೆ ಒಂದು ನಿಕ್ಷಯ್ ಐಡಿ, ಅಂದರೆ ಸರ್ಕಾರದ ಕ್ಷಯ ದಾಖಲೆಯ ನಂಬರು, ಸಿಗುತ್ತದೆ. ಹಂಗಾಮು ಮುಗಿದು ಊರಿಗೆ ಹೊರಡುವಾಗ ಆ ಐಡಿಯನ್ನು ಮೊಬೈಲಲ್ಲಿ ಫೋಟೊ ತೆಗೆದಿಟ್ಟುಕೊಂಡು, ಹೊರಡುವ ಮೊದಲೇ ಇಲ್ಲಿನ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಆಗ ಚಿಕಿತ್ಸೆ ಅವರ ಊರಿಗೆ ವರ್ಗವಾಗುತ್ತದೆ, ಮಾತ್ರೆ ಅಲ್ಲೇ ಸಿಗುತ್ತದೆ. ವಿಚಾರಿಸಲು 1800-11-6666ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.