ಧಾರಾವಾಹಿಯ ಡೇಟು, ನಾಟಕದ ತಾರೀಖು: ಎರಡನ್ನೂ ಉಳಿಸಿಕೊಂಡ ನನ್ನ ಅನುಭವ

ಹಿಂದಿ ಧಾರಾವಾಹಿಗೆ ಹೋದ ನಟ ರಂಗಭೂಮಿಯ ಪಾಲಿಗೆ ಇಲ್ಲವಾದ ಹಾಗೆಯೇ ಎಂಬ ಮಾತನ್ನು ಮುಂಬಯಿಯ ಕನ್ನಡ ತಂಡಗಳಲ್ಲಿ ಇಪ್ಪತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಹಲವು ವರ್ಷಗಳಿಂದ ನಾನು ಎರಡನ್ನೂ ಮಾಡುತ್ತಿದ್ದೇನೆ. ಈಚಿನ ಎರಡು ಹಂಗಾಮುಗಳಲ್ಲಿ ನನ್ನ ಶೂಟಿಂಗ್ ಕಾರಣಕ್ಕೆ ಒಂದು ಪ್ರಯೋಗವೂ ರದ್ದಾಗಿಲ್ಲ, ತಂಡ ಕೈಯಿಂದ ಹಣ ಕಳೆದುಕೊಂಡಿಲ್ಲ. ಆಗುವುದಿಲ್ಲ ಎಂದು ಹೇಳಿದ ಹಿರಿಯರೇ ಈಗ ಹೇಗೆ ಮಾಡಿದೆ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಸಿನಿಮಾ ಮತ್ತು ಟಿವಿ ಕಲಾವಿದರ ಸಂಘವಾದ ಸಿಂಟಾದ ಕಾರ್ಡು ಮಾಡಿಸುವುದು, ವರ್ಸೋವಾದ ಆರಾಮ್ ನಗರದಲ್ಲಿ ಆಡಿಷನ್‌ಗೆ ನಿಲ್ಲುವುದು, ಪಾತ್ರ ಕೊಡಿಸುವ ಕೋಆರ್ಡಿನೇಟರ್ ಜೊತೆ ದರ ಮಾತಾಡುವುದು ಇವೆಲ್ಲ ಈ ದಾರಿಯಲ್ಲಿರುವವರಿಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವುಗಳಿಗೆ ಹೋಗುವುದಿಲ್ಲ.

ಮೊದಲು ಹಣದ ಮಾತು. 2014–15ರ ಸುಮಾರಿಗೆ ನಾವು ಎಂಟು ಪಾತ್ರಗಳ ಒಂದು ನಾಟಕವನ್ನು ಮಾಟುಂಗದಲ್ಲಿ ಟಿಕೆಟ್ ಇಟ್ಟು ಆಡಿದೆವು. ಸಭಾಂಗಣದ ಬಾಡಿಗೆ, ಬೆಳಕು, ರಂಗಸಜ್ಜಿಕೆ ತರಲು ಟೆಂಪೊ, ಪ್ರಸಾಧನ, ಊಟ ಎಲ್ಲ ಸೇರಿ ಅರುವತ್ತೈದು ಎಪ್ಪತ್ತು ಸಾವಿರ ಆಗಿತ್ತು. ಟಿಕೆಟ್ಟಿನಿಂದಲೂ ಸ್ಮರಣ ಸಂಚಿಕೆಯ ಜಾಹೀರಾತಿನಿಂದಲೂ ಬಂದದ್ದು ಮೂವತ್ತರ ಆಸುಪಾಸು. ಉಳಿದದ್ದನ್ನು ಧಾರಾವಾಹಿಯ ಸಂಪಾದನೆಯಿಂದ ತುಂಬಿಸುವುದು ನನ್ನ ಲೆಕ್ಕವಾಗಿತ್ತು. ಆದರೆ ಆ ಸಂಪಾದನೆಯ ಸ್ವರೂಪವೇ ಬೇರೆ. ದಿನಕ್ಕೆ ಐದು ಸಾವಿರದಂತೆ ತಿಂಗಳಿಗೆ ಹತ್ತು ದಿನ ಕೆಲಸ ಸಿಕ್ಕರೆ ಕಾಗದದ ಮೇಲೆ ಐವತ್ತು ಸಾವಿರ. ಅದರಲ್ಲಿ ಕೋಆರ್ಡಿನೇಟರ್ ಕಮಿಷನ್ ಶೇಕಡಾ ಹದಿನೈದು, ಮೊದಲೇ ಹಿಡಿದುಕೊಳ್ಳುವ ತೆರಿಗೆ (ಟಿಡಿಎಸ್) ಶೇಕಡಾ ಹತ್ತು ಹೋಗಿ ಮೂವತ್ತೇಳೂವರೆ ಸಾವಿರ ಉಳಿಯುತ್ತದೆ. ಅದು ಕೈಗೆ ಬರುವುದು ತೊಂಬತ್ತು ದಿನಗಳ ಮೇಲೆ. ಬೆಳಕಿನವನಿಗೆ ಪ್ರಯೋಗದ ರಾತ್ರಿಯೇ ಹಣ ಕೊಡಬೇಕು, ನಮಗೆ ಹಣ ಬರುವುದು ಮೂರು ತಿಂಗಳ ಮೇಲೆ. ಈ ಅಂತರದಲ್ಲಿಯೇ ನಮ್ಮ ಎಷ್ಟೋ ತಂಡಗಳು ಮುಳುಗಿ ಹೋಗಿವೆ.

ಎರಡನೆಯ ಪ್ರಯತ್ನವಾಗಿ ಒಂದು ದೈನಿಕ ಧಾರಾವಾಹಿಯಲ್ಲಿ ಖಾಯಂ ಪಾತ್ರ ಹಿಡಿದೆ, ನಾಯಕಿಯ ದೊಡ್ಡಪ್ಪನ ಪಾತ್ರ. ತಿಂಗಳಿಗೆ ಇಪ್ಪತ್ತಕ್ಕೂ ಹೆಚ್ಚು ದಿನ ಕೆಲಸವಿತ್ತು, ಹಣವೂ ನಿಯಮಿತವಾಗಿ ಬಂತು. ಆದರೆ ಒಂದೂವರೆ ವರ್ಷ ನಾನು ರಂಗದ ಮೇಲೆ ಕಾಲಿಡಲಾಗಲಿಲ್ಲ. ಕುಟುಂಬದ ದೃಶ್ಯವೆಂದರೆ ದೊಡ್ಡಪ್ಪ ಹಿಂದೆ ನಿಂತಿರಲೇಬೇಕು. ಇಡೀ ದಿನದಲ್ಲಿ ಎರಡು ಮಾತು, ಉಳಿದದ್ದೆಲ್ಲ ಬೇರೆಯವರ ಮಾತಿಗೆ ಮುಖಭಾವ ತೋರುವ ರಿಯಾಕ್ಷನ್ ಶಾಟ್. ಹನ್ನೆರಡು ಗಂಟೆಯ ಪಾಳಿಯಲ್ಲಿ ಒಂಬತ್ತು ಗಂಟೆ ಮೇಕಪ್ ಹಾಕಿಕೊಂಡು ಕಾಯುವುದು. ಕೊನೆಗೆ ಕಥೆ ಒಮ್ಮೆಗೇ ಕೆಲವು ವರ್ಷ ಮುಂದಕ್ಕೆ ಜಿಗಿಯುವ ಲೀಪ್ ಬಂತು, ದೊಡ್ಡಪ್ಪ ಕಾರಿನ ಅಪಘಾತದಲ್ಲಿ ತೀರಿಹೋದರು, ನನಗೆ ಸುದ್ದಿ ತಲುಪಿದ್ದು ಎರಡು ದಿನ ಮೊದಲು. ಖಾಯಂ ಪಾತ್ರವೆಂಬ ಭದ್ರತೆ ಎಷ್ಟರದು ಎಂಬುದು ಆಗ ಸ್ಪಷ್ಟವಾಯಿತು.

ಮೂರನೆಯದು ನೋವಿನ ಪ್ರಸಂಗ. ಒಂದು ಸಂಘದ ವಾರ್ಷಿಕೋತ್ಸವಕ್ಕೆ ಮಾಹೀಮಿನಲ್ಲಿ ಸಂಜೆ ಆರೂವರೆಗೆ ನಮ್ಮ ಪ್ರಯೋಗವಿತ್ತು. ಅದೇ ದಿನ ಸೆಟ್ಟಿಗೆ ಹಾಜರಾಗಲು ಬೆಳಿಗ್ಗೆ ಏಳರ ಕಾಲ್ ಟೈಮ್, ಮಧ್ಯಾಹ್ನ ಮೂರಕ್ಕೆ ಬಿಡುತ್ತೇವೆ ಎಂದು ಬಾಯಿಮಾತಿನಲ್ಲಿ ಒಪ್ಪಿದ್ದರು. ನಾಯಕನ ಬರವು ತಡವಾಗಿ ನನ್ನ ದೃಶ್ಯ ಕೆಳಕ್ಕೆ ಕೆಳಕ್ಕೆ ಸರಿಯುತ್ತ ಹೋಯಿತು. ಶೂಟಿಂಗ್ ಮುಗಿದು ಪ್ಯಾಕ್‌ಅಪ್ ಆದದ್ದು ಸಂಜೆ ಏಳರ ಮೇಲೆ, ದೂರದ ವಸಯಿ ಬಳಿಯ ನಾಯ್‌ಗಾಂವ್‌ನಲ್ಲಿ. ಸಂಘದವರು ಸನ್ಮಾನ ಭಾಷಣಗಳನ್ನು ಎಳೆದು ಎಳೆದು ಕೊನೆಗೆ ನಾಟಕವಿಲ್ಲ ಎಂದು ಘೋಷಿಸಿದರು. ಮುಂಗಡ ಹಿಂದಕ್ಕೆ ಕೊಟ್ಟೆವು. ಆ ವರ್ಷ ಬೇರೆ ಸಂಘಗಳೂ ನಮ್ಮನ್ನು ಕರೆಯಲಿಲ್ಲ, ಏಕೆಂದರೆ ಮುಂಬಯಿಯ ಕನ್ನಡ ಸಂಘಗಳಲ್ಲಿ ಒಂದು ಕಡೆಯ ಮಾತು ಮರುದಿನ ಎಲ್ಲ ಕಡೆಯ ಮಾತು.

ಈ ಮೂರು ಅನುಭವಗಳ ಮೇಲೆ ನಾನು ಕಟ್ಟಿಕೊಂಡ ಕ್ರಮ ಹೀಗಿದೆ. ಧಾರಾವಾಹಿಯಲ್ಲಿ ಒಂದೇ ಲೊಕೇಶನ್‌ಗೆ ಅಂಟಿಕೊಂಡ ಪಾತ್ರಗಳನ್ನು ಮಾತ್ರ ಒಪ್ಪುತ್ತೇನೆ: ನ್ಯಾಯಾಧೀಶ, ಆಸ್ಪತ್ರೆಯ ವೈದ್ಯ, ಪೊಲೀಸ್ ಠಾಣೆಯ ಅಧಿಕಾರಿ, ದೇವಸ್ಥಾನದ ಅರ್ಚಕ. ನ್ಯಾಯಾಲಯದ ಸೆಟ್ ಒಮ್ಮೆ ನಿಂತರೆ ಆ ಕಥಾಭಾಗದ (ಟ್ರ್ಯಾಕಿನ) ದೃಶ್ಯಗಳನ್ನೆಲ್ಲ ಸಾಲಾಗಿ ಮೂರು ನಾಲ್ಕು ದಿನಗಳಲ್ಲಿ ಮುಗಿಸಿಬಿಡುತ್ತಾರೆ, ಏಕೆಂದರೆ ಸೆಟ್ಟಿನ ಬಾಡಿಗೆ ಅವರಿಗೂ ಭಾರ. ದಿನಗಳು ಒಟ್ಟಿಗೆ ಬರುತ್ತವೆ, ಹಾಗೆಯೇ ಒಟ್ಟಿಗೆ ಖಾಲಿಯಾಗುತ್ತವೆ. ನ್ಯಾಯಾಧೀಶನಿಗೆ ಮಾತುಗಳು ಹೆಚ್ಚು, ಒಂದು ಶಾಟಿನಿಂದ ಇನ್ನೊಂದಕ್ಕೆ ಹೊಂದಿಸುವ ಕಂಟಿನ್ಯುಟಿ ಸುಲಭ, ವೇಷ ಒಂದೇ. ಇಂಥ ಪಾತ್ರಗಳಿಗೆ ಖಾಯಂ ಪಾತ್ರಕ್ಕಿಂತ ದಿನದ ದರ ತುಸು ಹೆಚ್ಚೇ ಕೇಳಬಹುದು. ನಾನು ಕೇಳಿ ಪಡೆದಿದ್ದೇನೆ. ಪ್ರಯೋಗದ ದಿನಾಂಕಗಳನ್ನು ಶೂಟಿಂಗ್ ದಿನ ಗೊತ್ತುಮಾಡುವ ಶೆಡ್ಯೂಲರ್‌ಗೆ ಯಾವಾಗ ಹೇಳಬೇಕು, ಯಾವ ಮಾತಿನಲ್ಲಿ ಬರೆದುಕೊಡಬೇಕು ಎಂಬುದರಲ್ಲಿ ಒಂದು ಕೌಶಲವಿದೆ. ಅದನ್ನು ನಾನು ಕಷ್ಟಪಟ್ಟು ಕಂಡುಕೊಂಡದ್ದರಿಂದ ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಆದರೂ ಧಾರಾವಾಹಿಯ ಕಡೆಯಿಂದ ಎಷ್ಟೇ ಜಾಗ್ರತೆ ವಹಿಸಿದರೂ ಸಾಲದು. ಪರಿಹಾರ ನಾಟಕದ ಕಡೆಯಿಂದಲೇ ಬರಬೇಕಿತ್ತು. ನಾಲ್ಕೇ ಪಾತ್ರಗಳ, ಎಪ್ಪತ್ತೈದು ನಿಮಿಷಗಳ ನಾಟಕವನ್ನು ಆರಿಸಿಕೊಂಡು ಪ್ರತಿಯೊಂದು ಪಾತ್ರಕ್ಕೂ ಇಬ್ಬರನ್ನು ತಯಾರು ಮಾಡಿದೆ. ಇಲ್ಲಿಯೇ ಎಲ್ಲರಿಂದಲೂ ವಿರೋಧ ಬಂತು. ನಾನು ಗುರುಗಳೆಂದು ಗೌರವಿಸುವ ಒಬ್ಬ ನಿರ್ದೇಶಕರು, “ಒಂದು ಪಾತ್ರಕ್ಕೆ ಇಬ್ಬರು ಯಜಮಾನರಾದ್ರೆ ಪಾತ್ರ ಅನಾಥ ಆಗ್ತದೆ ಮಾರಾಯಾ, ಇದು ಕಂಪೆನಿ ನಾಟಕ ಅಲ್ಲ” ಎಂದರು. ಬ್ಯಾಂಕು, ಶಾಲೆ, ಹೋಟೆಲು ಎಂದು ದುಡಿದು ರಾತ್ರಿ ತಾಲೀಮಿಗೆ ಬರುವವರಿಗೆ ನಿನಗೆ ಈ ಪ್ರಯೋಗ ಸಿಗದಿರಬಹುದು ಎಂದು ಹೇಳಿ ಉಳಿಸಿಕೊಳ್ಳುವುದು ಸಾಧ್ಯವಿಲ್ಲವೆಂಬುದು ಇನ್ನೊಬ್ಬರ ವಾದವಾಗಿತ್ತು.

ಮೊದಲ ತಿಂಗಳುಗಳಲ್ಲಿ ಅವರ ಮಾತೇ ನಿಜವೆಂದು ತೋರಿತು. ಇಬ್ಬರು ನಟಿಯರು ಪರಸ್ಪರರನ್ನು ಅನುಕರಿಸತೊಡಗಿ ಇಬ್ಬರ ಅಭಿನಯವೂ ಸಪ್ಪೆಯಾಯಿತು. ಇಬ್ಬರಿಗೂ ಪೂರ್ಣ ಸ್ವಾತಂತ್ರ್ಯ ಕೊಟ್ಟಾಗ ಎದುರಿನ ನಟ ಕಂಗಾಲಾದ, ಏಕೆಂದರೆ ಒಬ್ಬಾಕೆ ಮಾತು ಮುಗಿಸಿ ತಿರುಗುವಳು, ಇನ್ನೊಬ್ಬಾಕೆ ತಿರುಗಿ ಮಾತು ಮುಗಿಸುವಳು. ಆಮೇಲೆ ನಾನು ನಾಟಕದ ಉದ್ದಕ್ಕೂ ಏಳೆಂಟು ಕಡೆ ಗೂಟಗಳನ್ನು ನೆಟ್ಟೆ. ಆ ಜಾಗಗಳಲ್ಲಿ ನಿಲುವು, ಕೈ, ಉಸಿರು ಯಾರು ಮಾಡಿದರೂ ಒಂದೇ. ಎರಡು ಗೂಟಗಳ ನಡುವಿನ ದಾರಿ ಅವರವರದು. ಉದಾಹರಣೆಗೆ ತಾಯಿ ಮಗನಿಗೆ ಹಿತ್ತಾಳೆ ಲೋಟದಲ್ಲಿ ನೀರು ಕೊಡುವ ದೃಶ್ಯ. ಲೋಟ ತಾಯಿಯ ಎಡಗೈಯಿಂದಲೇ ಬರಬೇಕು, ಮಗ ಅದನ್ನು ಹಿಡಿದ ಮೇಲೂ ಆಕೆ ಒಂದು ಉಸಿರಿನಷ್ಟು ಹೊತ್ತು ಬಿಡಬಾರದು, ಬಿಟ್ಟ ಕ್ಷಣದಲ್ಲಿ ಬೆಳಕು ಬದಲಾಗಬೇಕು. ಅಲ್ಲಿಗೆ ಒಬ್ಬಾಕೆ ಅಡುಗೆಮನೆಯಿಂದ ಗೊಣಗುತ್ತ ಬರುತ್ತಾಳೆ, ಇನ್ನೊಬ್ಬಾಕೆ ಮಾತಿಲ್ಲದೆ ಬರುತ್ತಾಳೆ. ಎರಡೂ ಸರಿ, ಎರಡೂ ಬೇರೆ ಬೇರೆ ನಾಟಕದಂತೆ ಕಾಣುತ್ತವೆ, ಮಗನ ಪಾತ್ರಧಾರಿಗೆ ಮಾತ್ರ ಎಲ್ಲಿಯೂ ತಡವರಿಕೆಯಿಲ್ಲ. ಗೂಟಗಳನ್ನು ಎಲ್ಲಿ ನೆಡಬೇಕೆಂದು ಗುರುತಿಸುವ ಬಗೆಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ತಾಲೀಮಿಗೆ ಬಂದು ಕೂತವರಿಗೆ ತೋರಿಸಿಕೊಟ್ಟಿದ್ದೇನೆ. “ಅನಾಥ” ಎಂದಿದ್ದ ಗುರುಗಳು ಮಾಟುಂಗದ ಪ್ರಯೋಗಕ್ಕೆ ಬಂದು, ಮುಂದಿನ ತಿಂಗಳು ಎರಡನೆಯ ಜೋಡಿಯನ್ನೂ ನೋಡಬೇಕೆಂದು ತಾವಾಗಿಯೇ ಹೇಳಿದರು.

ಪ್ರಯೋಗದ ದಿನ ಪಾತ್ರವಿಲ್ಲದವರನ್ನು ಮನೆಗೆ ಕಳಿಸುವುದಿಲ್ಲ. ಬೆಳಕು, ಸಂಗೀತ, ವೇಷಭೂಷಣ, ರಂಗಸಾಮಗ್ರಿ ಎಲ್ಲ ಅವರ ಕೈಯಲ್ಲಿ. ಮಾತುಗಳು ಬಾಯಿಪಾಠವಾಗಿರುವ ಮನುಷ್ಯ ಬೆಳಕಿನ ಬೋರ್ಡಿನ ಮುಂದೆ ಕೂತರೆ ಕ್ಯೂ ತಪ್ಪುವ ಪ್ರಶ್ನೆಯೇ ಇಲ್ಲ. ಇದರಿಂದ ಹೊರಗಿನ ತಂತ್ರಜ್ಞರ ಖರ್ಚೂ ಉಳಿಯಿತು. ಟಿಕೆಟ್ ಪದ್ಧತಿಯನ್ನು ಪೂರ್ತಿ ಬಿಟ್ಟೆವು. ಸಭಾಂಗಣ ಸಂಘದವರದು, ನಮಗೆ ಗೊತ್ತುಪಡಿಸಿದ ಸಂಭಾವನೆ, ಅರ್ಧ ಮುಂಗಡ. ಸುಮಾರು ಮೂವತ್ತು ಸಾವಿರಕ್ಕೆ ಒಂದು ಪ್ರಯೋಗವೆಂದರೆ ರಂಗದ ಮೇಲಿನ ನಾಲ್ವರಿಗೆ ತಲಾ ಎರಡು ಸಾವಿರ, ಹಿಂದಿನ ನಾಲ್ವರಿಗೆ ತಲಾ ಏಳೆಂಟು ನೂರು, ಬೆಳಕು ಧ್ವನಿಯ ಬಾಡಿಗೆ ಎಂಟು ಸಾವಿರ, ಪ್ರಯಾಣ ಊಟ ಪ್ರಸಾಧನಕ್ಕೆ ನಾಲ್ಕೈದು ಸಾವಿರ. ಆರು ಸಾವಿರದಷ್ಟು ತಂಡದ ನಿಧಿಗೆ ಸೇರುತ್ತದೆ. ಸಂಭಾವನೆ ಸಣ್ಣದು ನಿಜ, ಆದರೆ ಮುಂಬಯಿಯ ಹವ್ಯಾಸಿ ಕನ್ನಡ ನಟನ ಕೈಗೆ ಪ್ರಯೋಗದ ರಾತ್ರಿಯೇ ಲಕೋಟೆ ಬರುವುದು ಸಣ್ಣ ಮಾತಲ್ಲ. ರಂಗಸಜ್ಜಿಕೆಯೆಂದರೆ ಮಡಚುವ ಎರಡು ಚೌಕಟ್ಟು, ಒಂದು ಮಣೆ, ಒಂದು ಪೆಟ್ಟಿಗೆ. ಭಾನುವಾರದ ಮಧ್ಯಾಹ್ನ ಲೋಕಲ್ ರೈಲಿನಲ್ಲಿಯೇ ಬರುತ್ತದೆ, ಟೆಂಪೊ ಬೇಡ.

ಹಸ್ತಪ್ರತಿಯ ವಿಚಾರದಲ್ಲಿ ಒಂದು ಎಚ್ಚರ. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಪ್ರಯೋಗಕ್ಕೆ, ನಾಟಕದ ಹಸ್ತಪ್ರತಿಯನ್ನು ಪರಿಶೀಲಿಸುವ ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಿಯ ಪ್ರಮಾಣಪತ್ರ ಬೇಕು. ಸಂಘದ ಒಳಗಿನ ಕಾರ್ಯಕ್ರಮ ತಾನೆ ಎಂದು ಬಿಟ್ಟುಬಿಡುವ ತಂಡಗಳಿವೆ. ನಾವು ಮೊದಲೇ ಮಾಡಿಸಿಟ್ಟುಕೊಂಡದ್ದರಿಂದ ಯಾವ ಸಭಾಂಗಣದವರು ಕೇಳಿದರೂ ತೋರಿಸಲು ಕಾಗದವಿದೆ.

ನಡುವೆ ಕೆಲವು ಬೇರೆ ಪ್ರಯತ್ನಗಳನ್ನೂ ಮಾಡಿದೆ. ರಾತ್ರಿ ಹತ್ತೂವರೆಯ ಮೇಲೆ ಎಲ್ಲರೂ ಫೋನಿನಲ್ಲಿ ಒಟ್ಟಾಗಿ ಮಾತುಗಳನ್ನು ಇಮ್ಮಡಿ ವೇಗದಲ್ಲಿ ಒಪ್ಪಿಸುವ ತಾಲೀಮು ಅವುಗಳಲ್ಲೊಂದು. ಮಾತು ಬಾಯಿಗೆ ಕೂರಲು ಅದು ಚೆನ್ನಾಗಿದೆ. ಆದರೆ ಫೋನಿನಲ್ಲಿ ಧ್ವನಿ ಚೂರು ತಡವಾಗಿ ತಲುಪುವುದರಿಂದ ಮೌನಗಳ ಅಳತೆ ಕೆಟ್ಟುಹೋಗುತ್ತದೆ. ಜಗಳದ ದೃಶ್ಯಕ್ಕೆ ಅದನ್ನು ನಿಲ್ಲಿಸಬೇಕಾಯಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತು, ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡಕ್ಕೆ ಡಬ್ ಆಗಿ ಬರತೊಡಗಿದಾಗ ಕಂಠದಾನಕ್ಕೂ ಕೈಹಾಕಿದೆ. ಪಾತ್ರದ ತುಟಿಗೆ ಮಾತನ್ನು ಕೂರಿಸುವ ಆ ಅಭ್ಯಾಸ ರಂಗದ ಮೇಲೆ ನನಗೆ ಉಪಕಾರವನ್ನೇ ಮಾಡಿತು: ವಾಕ್ಯದ ಕೊನೆಯ ಅಕ್ಷರವನ್ನು ನುಂಗುವ ನನ್ನ ಕರಾವಳಿಯ ರೂಢಿ ಅಲ್ಲಿಯೇ ಬಿಟ್ಟುಹೋಯಿತು. 2021ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದಲ್ಲಿ ಮತ್ತೆ ಶೂಟಿಂಗ್ ನಿಂತು ಹಲವು ಧಾರಾವಾಹಿಗಳು ಗೋವೆಗೆ ಹೋದವು. ನನಗೂ ಕರೆ ಬಂದಿತ್ತು, ಒಪ್ಪಲಿಲ್ಲ. ಕೆಲವೇ ವಾರಗಳಲ್ಲಿ ಅಲ್ಲಿಯೂ ನಿಂತಿತು.

ಸೆಟ್ಟಿನಲ್ಲಿ ಹಿಂದಿ ಸಂಭಾಷಣೆ ಕೈಗೆ ಬರುವುದು ಶಾಟಿಗೆ ಹತ್ತು ನಿಮಿಷ ಮೊದಲು. ನಾನು ಅದನ್ನು ಕೂಡಲೇ ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಮಹಾಪ್ರಾಣಗಳಿಗೆ ಕೆಂಪು ಶಾಯಿಯ ಗೆರೆ ಎಳೆಯುತ್ತೇನೆ. ನಮ್ಮ ಉಚ್ಚಾರಣೆ ಜಾರುವುದು ಅಲ್ಲಿಯೇ. ನ್ಯಾಯಾಲಯದ ದೃಶ್ಯಗಳಲ್ಲಿ ಉರ್ದು ಮಾತುಗಳು ಹೆಚ್ಚಾದ್ದರಿಂದ ಜಕಾರ ಫಕಾರಗಳ ಕೆಳಗೆ ಎರಡು ಚುಕ್ಕಿ ಇಡುತ್ತೇನೆ. ದಕ್ಷಿಣದವನೆಂದರೆ “ಅಯ್ಯೋ” ಎನ್ನುವ ಹಾಸ್ಯಪಾತ್ರವೇ ಎಂದು ಆಡಿಷನ್‌ಗಳಲ್ಲಿ ಕೂರಿಸುತ್ತಿದ್ದವರು ಈಗ ನನ್ನನ್ನು ನ್ಯಾಯಾಧೀಶನ ಕುರ್ಚಿಗೆ ಕರೆಯುತ್ತಾರೆ. ಈ ಕೆಂಪು ಶಾಯಿಯ ಪಾಲು ಅದರಲ್ಲಿ ದೊಡ್ಡದು.

ಕ್ಯಾಮೆರಾದಿಂದ ರಂಗಕ್ಕೆ ಒಂದೇ ವಾರದಲ್ಲಿ ಹಿಂದಿರುಗುವಾಗ ಧ್ವನಿಗಿಂತ ಕಣ್ಣು ತೊಂದರೆ ಕೊಡುತ್ತದೆ. ಕ್ಲೋಸಪ್‌ಗೆ ರೂಢಿಯಾದ ಕಣ್ಣು ಎದುರಿನ ನಟನ ಹತ್ತಿರವೇ ನಿಂತುಬಿಡುತ್ತದೆ, ಮುಖ ತಗ್ಗುತ್ತದೆ, ಹಿಂದಿನ ಸಾಲಿಗೆ ಏನೂ ಮುಟ್ಟುವುದಿಲ್ಲ. ಪ್ರಯೋಗಕ್ಕೆ ಎರಡು ಗಂಟೆ ಮೊದಲೇ ಹೋಗಿ, ಫ್ಯಾನುಗಳನ್ನೆಲ್ಲ ಹಾಕಿಸಿ, ಜೊತೆಯ ನಟನನ್ನು ಕೊನೆಯ ಸಾಲಿನಲ್ಲಿ ಕೂರಿಸಿ ನಾಟಕದ ಅತ್ಯಂತ ಮೆಲ್ಲನೆಯ ಮಾತನ್ನು ಅವನಿಗೆ ಮುಟ್ಟಿಸುತ್ತೇನೆ. ಅದು ಮುಟ್ಟಿದರೆ ಉಳಿದದ್ದು ಮುಟ್ಟುತ್ತದೆ.

ಕಿರುತೆರೆಯೂ ರಂಗಭೂಮಿಯೂ ಶತ್ರುಗಳೆಂಬ ಮಾತು ಮುಂಬಯಿ ಕನ್ನಡಿಗರ ಬಾಯಲ್ಲಿ ಬರಬಾರದು. ಅನಂತನಾಗ್, ಶಂಕರನಾಗ್ ಸಹೋದರರು ಬೆಳೆದದ್ದು ಇದೇ ಊರಿನ ರಂಗಭೂಮಿಯಲ್ಲಿ. ಇಲ್ಲಿಯ ರಂಗಭೂಮಿಗೆ ಜೀವ ತೇಯ್ದ ಸದಾನಂದ ಸುವರ್ಣರು 1990ರ ಸುಮಾರಿಗೆ ದೂರದರ್ಶನಕ್ಕೆ ಮಾಡಿದ ‘ಗುಡ್ಡದ ಭೂತ’ವನ್ನು ಊರ ಕಡೆಯವರು ಇಂದಿಗೂ ನೆನೆಯುತ್ತಾರೆ. ಅವರಿಗೆಲ್ಲ ಸಾಧ್ಯವಾದದ್ದನ್ನು ಡೇಟು ಹೊಂದುವುದಿಲ್ಲ ಎಂಬ ಒಂದು ಕಾರಣಕ್ಕೆ ನಾವು ಕೈಬಿಡುವುದು ನನಗೆ ಸಹಿಸಲಾಗದ ಸಂಗತಿ.

ಡೊಂಬಿವಲಿ ಕಡೆಯಿಂದ ನಾಯ್‌ಗಾಂವ್ ಸ್ಟುಡಿಯೋಗಳಿಗೆ ಹೋಗುವವರಿಗೆ ಇನ್ನೊಂದು ಮಾತು. ದಾದರ್ ಸುತ್ತಿಕೊಂಡು ಹೋಗಬೇಡಿ. ಕೋಪರ್‌ನಲ್ಲಿ ವಸಯಿ ಕಡೆಯ ಗಾಡಿ ಹಿಡಿದು ಜೂಚಂದ್ರದಲ್ಲಿ ಇಳಿದರೆ ಸಮಯವೂ ಹಣವೂ ಉಳಿಯುತ್ತದೆ. ಗಾಡಿಗಳು ಕಡಿಮೆ, ವೇಳೆ ನೋಡಿಕೊಳ್ಳಬೇಕು. ನಾನು ಅರ್ಧ ನಾಟಕವನ್ನು ಬಾಯಿಪಾಠ ಮಾಡಿದ್ದು ಆ ಗಾಡಿಯಲ್ಲಿಯೇ.

ಈಗ ಪುಣೆಯಿಂದಲೂ ಆಹ್ವಾನವಿದೆ. ಎಂಟು ಜನರ ಪ್ರಯಾಣವೂ ಒಂದು ರಾತ್ರಿಯ ವಸತಿಯೂ ಸೇರಿದರೆ ಮೂವತ್ತು ಸಾವಿರಕ್ಕೆ ಅದು ಹೊಂದುವುದಿಲ್ಲ, ನಲವತ್ತೈದರ ಹತ್ತಿರ ಕೇಳಬೇಕಾಗುತ್ತದೆ. ಅಥವಾ ಹಿಂದಿನ ನಾಲ್ವರಲ್ಲಿ ಇಬ್ಬರನ್ನು ಮಾತ್ರ ಕರೆದೊಯ್ದು ಬೆಳಕನ್ನು ಸರಳಗೊಳಿಸಬೇಕು. ಮೊದಲನೆಯದನ್ನೇ ಕೇಳಿದ್ದೇನೆ. ತಾಯಿಯ ಪಾತ್ರದ ಇಬ್ಬರಲ್ಲಿ ಒಬ್ಬರು ಊರಿಗೆ ವರ್ಗವಾಗಿ ಹೋದದ್ದರಿಂದ ಆ ಜಾಗಕ್ಕೆ ಹೊಸಬರನ್ನು ತಯಾರು ಮಾಡುತ್ತಿದ್ದೇವೆ. ಅವರು ಲೋಟದ ದೃಶ್ಯ ದಾಟಿದ ಮೇಲೆ ಪುಣೆಯವರಿಗೆ ತಾರೀಖು ತಿಳಿಸುತ್ತೇವೆ.