ಗೆರ್ಮಾನಿಸ್ಟಿಕ್ ಓದಲು ಹೊರಟಿದ್ದೀರಾ? ಅರ್ಜಿಯಿಂದ ಹೌಸ್‌ಆರ್ಬೈಟ್‌ವರೆಗೆ

ಜರ್ಮನ್ ಕಲಿಯುವುದೇ ಬೇರೆ, ಜರ್ಮನಿಯಲ್ಲಿ ‘ಗೆರ್ಮಾನಿಸ್ಟಿಕ್’, ಅಂದರೆ ಜರ್ಮನ್ ಭಾಷೆ-ಸಾಹಿತ್ಯದ ಅಧ್ಯಯನ, ಓದುವುದೇ ಬೇರೆ. ಅಲ್ಲಿನ ವಿಶ್ವವಿದ್ಯಾಲಯಗಳ ಈ ವಿಭಾಗದಲ್ಲಿ ಯಾರೂ ನಿಮಗೆ ಭಾಷೆ ಕಲಿಸುವುದಿಲ್ಲ. ನಮ್ಮ ಕನ್ನಡ ಎಂ.ಎ. ತರಗತಿಯಲ್ಲಿ ಯಾರೂ ಕಾಗುಣಿತ ಹೇಳಿಕೊಡದ ಹಾಗೆ. ಭಾಷೆ ಮೊದಲೇ ಬರುತ್ತದೆ ಎಂದುಕೊಂಡು ಪಾಠ ಶುರುವಾಗುತ್ತದೆ. ಪಠ್ಯದ ಕಟ್ಟು ಕೂಡ ಕನ್ನಡ ಎಂ.ಎ.ಯನ್ನೇ ನೆನಪಿಸುತ್ತದೆ: ಒಂದು ಪಾಲು ಭಾಷಾವಿಜ್ಞಾನ, ಒಂದು ಪಾಲು ನಡುಗಾಲದ ಸಾಹಿತ್ಯ, ಇನ್ನೊಂದು ಪಾಲು ಹೊಸ ಸಾಹಿತ್ಯ. ಕಾದಂಬರಿ ಓದುವ ಆಸೆಯಿಂದ ಸೇರಿದವರು ಮೊದಲ ವರ್ಷ ಎಡವುವುದು ನಡುವಿನ ಪಾಲಿನಲ್ಲಿ.

ಮೊದಲು ಕಾಗದಪತ್ರ

ಭಾಷೆಯ ಮಟ್ಟವನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಈ ವಿಷಯಕ್ಕೆ ಸಾಮಾನ್ಯವಾಗಿ ಕೇಳುವುದು ಟೆಸ್ಟ್‌ಡಾಫ್ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ 4ನೇ ಮಟ್ಟ, ಇಲ್ಲವೇ ಅಲ್ಲಿನ ವಿಶ್ವವಿದ್ಯಾಲಯಗಳೇ ನಡೆಸುವ ಭಾಷಾಪರೀಕ್ಷೆಯಲ್ಲಿ ಡಿಎಸ್‌ಹೆಚ್‌-2, ಅಂದರೆ ಶೇ 67ಕ್ಕೆ ಕಡಿಮೆಯಿಲ್ಲದ ಅಂಕ. ಟೆಸ್ಟ್‌ಡಾಫ್‌ನಲ್ಲಿ ಮೂರು ಭಾಗಕ್ಕೆ 5 ಬಂದು ಬರವಣಿಗೆಗೆ 3 ಬಂದರೆ ಸರಾಸರಿ ಹಾಕಿ ಒಳಗೆ ಬಿಡುತ್ತಾರೆಂಬ ನಂಬಿಕೆ ಬೇಡ. ಬರವಣಿಗೆ ಕೈಕೊಡುವುದೇ ಹೆಚ್ಚು, ಅದಕ್ಕೇ ಹೆಚ್ಚು ದಿನ ಇಡಿ. ಬೆಂಗಳೂರಿನವರಿಗೆ ಇಂದಿರಾನಗರದ ಗೋಯ್ಥೆ ಇನ್‌ಸ್ಟಿಟ್ಯೂಟ್ ಇದೆ. ಸೊನ್ನೆಯಿಂದ ಶುರುಮಾಡಿ, ಬೇರೆ ಓದಿನ ಜೊತೆ ಕಲಿಯುವವರು ಇದಕ್ಕೆ ಬೇಕಾದ ಸಿ1 ಹತ್ತಿರದ ಮಟ್ಟ ಮುಟ್ಟಲು ಎರಡು ವರ್ಷಕ್ಕೆ ಕಡಿಮೆ ಲೆಕ್ಕ ಹಾಕಬಾರದು.

ಪಿಯುಸಿ ಮುಗಿದ ಕೂಡಲೇ ನೇರವಾಗಿ ಬಿ.ಎ. ಸೇರಲು ಬರುವುದಿಲ್ಲ. ಇಲ್ಲೇ ಮಾನ್ಯತೆ ಪಡೆದ ವಿಶ್ವವಿದ್ಯಾಲಯದಲ್ಲಿ ಹತ್ತಿರದ ವಿಷಯದ ಒಂದು ವರ್ಷ ಮುಗಿಸಬೇಕು. ಇಲ್ಲದಿದ್ದರೆ ಅಲ್ಲಿ ‘ಸ್ಟುಡಿಯನ್‌ಕೊಲೆಗ್’ ಎಂಬ ಪೂರ್ವಸಿದ್ಧತಾ ತರಗತಿ. ಬಿ.ಎ. 180 ಕ್ರೆಡಿಟ್, ಎಂ.ಎ. 120. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ಕೆಲಸ, ಮನೆಯಲ್ಲಿ ಕೂತು ಓದಿದ್ದೂ ಸೇರಿ.

ಭಾರತದ ಅಂಕಪಟ್ಟಿಗಳಿಗೆ, ಅವು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು. 2022ರ ನವೆಂಬರ್‌ನಿಂದ ವಿದ್ಯಾರ್ಥಿ ವೀಸಾಕ್ಕೆ ಇದು ಕಡ್ಡಾಯ. ಎಲ್ಲಕ್ಕಿಂತ ಮೊದಲು ಇದಕ್ಕೆ ಹಾಕಿ. ಇದು ಕೈಗೆ ಬರುವ ಹೊತ್ತಿಗೆ ಅರ್ಜಿಯ ಕೊನೇ ದಿನ ದಾಟಿಹೋಯಿತು ಎಂಬುದು ಪ್ರತಿ ವರ್ಷದ ಗೋಳು. ಚಳಿಗಾಲದ ಸೆಮಿಸ್ಟರ್‌ಗೆ ಹಲವೆಡೆ ಜುಲೈ 15 ಗಡುವು, ಕೆಲವೆಡೆ ಇನ್ನೂ ಮುಂಚೆ. ವಿಶ್ವವಿದ್ಯಾಲಯಗಳ ಪರವಾಗಿ ವಿದೇಶಿ ಅರ್ಜಿ ಪರಿಶೀಲಿಸುವ ಯೂನಿ-ಅಸಿಸ್ಟ್ ಸಂಸ್ಥೆಯ ಮೂಲಕ ಹೋಗುವ ಮೊದಲ ಅರ್ಜಿಗೆ 75 ಯೂರೋ, ಅದೇ ಸೆಮಿಸ್ಟರಿನ ಮುಂದಿನ ಒಂದೊಂದಕ್ಕೆ 30. ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಂತಿಷ್ಟೇ ಹಣ ತೆಗೆಯಲು ಬರುವ ಖಾತೆ) ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ತಿಂಗಳಿಗೆ 992.

ಬಹುತೇಕ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಯುರೋಪ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಕನ್ನಡಿಗರಿಗೆ ಹಳೆಯ ನಂಟಿರುವ ಟ್ಯೂಬಿಂಗನ್ ಇರುವುದು ಇದೇ ರಾಜ್ಯದಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ತಂದ ಹರ್ಮನ್ ಮೊಗ್ಲಿಂಗ್ ಓದಿದ್ದು ಅಲ್ಲಿ. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್‌ಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಆ ವಿಶ್ವವಿದ್ಯಾಲಯವೇ. ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದೂ ಆ ಊರಲ್ಲೇ.

ವೇಳಾಪಟ್ಟಿ ಓದುವ ಬಗೆ

‘ವೋರ್‌ಲೇಸುಂಗ್’ ಎಂದರೆ ಉಪನ್ಯಾಸ: ಕೇಳಿ, ಬರೆದುಕೊಳ್ಳಿ. ‘ಸೆಮಿನಾರ್’ ಎಂದರೆ ಮಾತಾಡಬೇಕು. ಅಂಕ ಹುಟ್ಟುವುದು ಹೆಚ್ಚಾಗಿ ಸೆಮಿನಾರಿನಲ್ಲಿ. ಗಂಟೆಯ ಪಕ್ಕದಲ್ಲಿ ‘ಸಿ.ಟಿ.’ ಎಂದಿದ್ದರೆ ಹದಿನೈದು ನಿಮಿಷ ತಡವಾಗಿ ಶುರು: ಹತ್ತು ಅಂದರೆ ಹತ್ತೂಕಾಲು. ‘ಎಸ್.ಟಿ.’ ಎಂದಿದ್ದರೆ ಹತ್ತು ಅಂದರೆ ಹತ್ತೇ. ತರಗತಿ ಮುಗಿದಾಗ ಎಲ್ಲರೂ ಬೆರಳ ಗಿಣ್ಣುಗಳಿಂದ ಮೇಜು ಕುಟ್ಟಿದರೆ ಗಾಬರಿಯಾಗಬೇಡಿ, ಅದು ಅಲ್ಲಿನ ಚಪ್ಪಾಳೆ.

ಒಂದು ಸೆಮಿಸ್ಟರಿಗೆ ಎಷ್ಟು ಸೆಮಿನಾರ್ ಎಂಬುದನ್ನು ಪಠ್ಯಪುಸ್ತಕಗಳ ದಪ್ಪ ನೋಡಿ ನಿರ್ಧರಿಸಿ. ಗಟ್ಟಿ ಗದ್ಯದ ಎರಡು ಸೆಮಿನಾರ್ ಒಟ್ಟಿಗೆ ಹಿಡಿದರೆ ವಾರದ ಓದು ಮುಗಿಯುವುದಿಲ್ಲ. ಒಂದು ಗದ್ಯ, ಒಂದು ಕವಿತೆ ಅಥವಾ ನಾಟಕ ಎಂದಿಟ್ಟುಕೊಂಡರೆ ಉಸಿರಾಡಬಹುದು.

ನಡುಗಾಲದ ಜರ್ಮನ್: ಹಳಗನ್ನಡ ಬಲ್ಲವರಿಗೆ ಲಾಭ

ಸುಮಾರು 1050ರಿಂದ 1350ರವರೆಗಿನ ಭಾಷೆ ಇದು. ಹೊಸ ಜರ್ಮನ್ ಚೆನ್ನಾಗಿ ಬಲ್ಲವರೇ ಇಲ್ಲಿ ಹೆಚ್ಚು ತಪ್ಪುತ್ತಾರೆ, ಏಕೆಂದರೆ ಪದಗಳು ಗುರುತಿನವರಂತೆ ಕಾಣುತ್ತವೆ. 1200ರ ಹೊತ್ತಿನ ‘ನಿಬೆಲುಂಗೆನ್‌ಲೀಡ್’ ಕಾವ್ಯದ ಮೊದಲ ಪದ್ಯದಲ್ಲೇ ಎರಡು ಬಲೆಗಳಿವೆ. ‘ಅರೆಬೆಯ್ಟ್’ ಕಂಡು ಇಂದಿನ ‘ಆರ್ಬೈಟ್’, ಅಂದರೆ ಕೆಲಸ ಎಂದು ಬರೆದುಬಿಡುತ್ತಾರೆ. ಅಲ್ಲಿ ಅರ್ಥ ಕಷ್ಟ, ಪಾಡು. ‘ಹೋಖ್‌ಗೆತ್ಸೀಟ್’ ಕಂಡು ‘ಹೋಖ್‌ತ್ಸೈಟ್’, ಮದುವೆ ಎನ್ನುತ್ತಾರೆ. ಅಲ್ಲಿ ಅದು ಯಾವುದೇ ಸಂಭ್ರಮದ ಹಬ್ಬ. ವೀರರ ಕಷ್ಟ, ಹಬ್ಬ, ಅಳು ಎಂದು ಕವಿ ಹೇಳಿದರೆ ಉತ್ತರಪತ್ರಿಕೆಯಲ್ಲಿ ವೀರರ ಕೆಲಸ, ಮದುವೆ, ಅಳು ಎಂದಾಗುತ್ತದೆ. ಆದ್ದರಿಂದ ಒಂದು ಕಟ್ಟುಪಾಡು: ಗೊತ್ತಿಲ್ಲದ ಪದಕ್ಕಿಂತ ಮೊದಲು ಗೊತ್ತಿರುವ ಪದವನ್ನು ನಡುಗಾಲದ ಜರ್ಮನ್‌ನ ಲೆಕ್ಸರ್ ನಿಘಂಟಿನಲ್ಲಿ ನೋಡಿ. ಅದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.

ಓದುವಾಗ ಸ್ವರದ ಮೇಲೆ ಟೋಪಿಯಂಥ ಗುರುತಿದ್ದರೆ ಅದು ದೀರ್ಘ. ದೀರ್ಘಗಳಲ್ಲಿ ಕೆಲವು ಮುಂದೆ ಒಡೆದು ಜೋಡಿಸ್ವರಗಳಾದವು. ಅದನ್ನು ನೆನಪಿಡಲು ಅಲ್ಲಿನ ವಿದ್ಯಾರ್ಥಿಗಳು ಉರುಹೊಡೆಯುವ ಮೂರು ಪದಗಳು: ‘ಮೀನ್ ನ್ಯೂವೆಸ್ ಹೂಸ್’. ಇಂದು ಅದೇ ‘ಮೈನ್ ನೊಯೆಸ್ ಹೌಸ್’, ನನ್ನ ಹೊಸ ಮನೆ. (ಕನ್ನಡದ ಕಿವಿಗೆ ಮೊದಲನೆಯದನ್ನು ಮರೆಯುವುದೇ ಕಷ್ಟ.) ವ್ಯಂಜನಗಳ ಕಥೆ ಇನ್ನೂ ಹಿಂದಿನದು. ಇಂಗ್ಲಿಷಿನಲ್ಲಿ ‘ಪ’ ಉಳಿದ ಕಡೆ ಜರ್ಮನ್‌ನಲ್ಲಿ ‘ಫ’ ಅಥವಾ ‘ಪ್ಫ’ ಬಂದಿದೆ: ಶಿಪ್ ಇದ್ದದ್ದು ಶಿಫ್, ಪೆಪ್ಪರ್ ಇದ್ದದ್ದು ಪ್ಫೆಫರ್. ‘ಟ’ ಇದ್ದ ಕಡೆ ‘ಸ’ ಅಥವಾ ‘ತ್ಸ’: ವಾಟರ್ ಇದ್ದದ್ದು ವಾಸರ್, ಟೆನ್ ಇದ್ದದ್ದು ತ್ಸೇನ್. ಪಂಪನ ಪಾಲು, ಪೂ, ಪೆಸರು ನಮಗೆ ಹಾಲು, ಹೂ, ಹೆಸರು ಆದದ್ದನ್ನು ಕಂಡವರಿಗೆ ಇಂಥ ಪಲ್ಲಟ ಹೊಸತೇನಲ್ಲ. ಪಟ್ಟಿ ಬಾಯಿಪಾಠ ಮಾಡುವ ಬದಲು ಎರಡೂ ಭಾಷೆಯ ಜೋಡಿಪದ ಹುಡುಕುತ್ತಾ ಹೋಗಿ.

ಹೌಸ್‌ಆರ್ಬೈಟ್ ಬರೆಯುವುದು

ಸೆಮಿನಾರಿನ ಕೊನೆಗೆ ಒಪ್ಪಿಸುವ ಪ್ರಬಂಧ ಇದು. ಆರಂಭದ ಸೆಮಿನಾರಿಗೆ ಸಾಮಾನ್ಯವಾಗಿ 12ರಿಂದ 15 ಪುಟ, ಮೇಲಿನದಕ್ಕೆ 20ರಿಂದ 25. ಅಕ್ಷರದ ಅಳತೆ 12, ಸಾಲಿನ ಅಂತರ ಒಂದೂವರೆ. ಭಾರತದಿಂದ ಹೋದವರ ಅಂಕ ಕಡಿಮೆಯಾಗುವುದು ವ್ಯಾಕರಣದಿಂದಲ್ಲ, ಪ್ರಬಂಧಕ್ಕೆ ಆರಿಸಿಕೊಂಡ ಪ್ರಶ್ನೆಯಿಂದ. ಜರ್ಮನ್ ಲೇಖಕ ಕ್ಲೈಸ್ಟನನ್ನೇ ತೆಗೆದುಕೊಂಡರೆ, ‘ಕ್ಲೈಸ್ಟನ ಕಥೆಗಳಲ್ಲಿ ಹೆಣ್ಣು’ ಎಂಬುದು ಪ್ರಶ್ನೆಯಲ್ಲ, ಅದೊಂದು ಗೋಡೌನು. ಅದರಲ್ಲಿ ಕಥಾಸಾರ, ಲೇಖಕನ ಬದುಕು, ಸ್ವಲ್ಪ ಹೊಗಳಿಕೆ ತುಂಬಿ ಹದಿನೈದು ಪುಟ ಮಾಡಬಹುದು. ಅಂಕ ಮಾತ್ರ ಬರುವುದಿಲ್ಲ.

ಅದೇ ಕ್ಲೈಸ್ಟನ 1808ರ ‘ಮಾರ್ಕ್ವೀಸೆ ಫೊನ್ ಓ...’ ಕಥೆಯನ್ನು ತೆಗೆದುಕೊಳ್ಳಿ. ದಾಳಿಯಾದ ಕೋಟೆಯಲ್ಲಿ ನಾಯಕಿ ಪ್ರಜ್ಞೆ ತಪ್ಪಿ ಬೀಳುತ್ತಾಳೆ. ಮುಂದಿನ ವಾಕ್ಯ ‘ಇಲ್ಲಿ’ ಎಂದು ಶುರುವಾಗಿ ಒಂದು ಅಡ್ಡಗೆರೆ ಎಳೆದು, ಆಕೆಯನ್ನು ಕಾಪಾಡಿದ ಅಧಿಕಾರಿ ವೈದ್ಯನನ್ನು ಕರೆಸಲು ಏರ್ಪಾಟು ಮಾಡಿದ ಎನ್ನುತ್ತದೆ. ನಡೆದ ಅತ್ಯಾಚಾರ ಇಡೀ ಆ ಗೆರೆಯೊಳಗಿದೆ. ‘ಈ ಕಥೆಯಲ್ಲಿ ಅಡ್ಡಗೆರೆ ಎಲ್ಲೆಲ್ಲಿ ಬರುತ್ತದೆ, ಪ್ರತಿ ಸಲ ನಿರೂಪಕ ಏನನ್ನು ಹೇಳದೆ ಬಿಡುತ್ತಾನೆ?’ ಇದು ಪ್ರಶ್ನೆ. ಎಣಿಸಬಹುದು, ತೋರಿಸಬಹುದು, ಹದಿನೈದು ಪುಟದಲ್ಲಿ ಮುಗಿಸಬಹುದು.

ಪ್ರಶ್ನೆ ಸಿಕ್ಕ ಮೇಲೆ ಪ್ರಾಧ್ಯಾಪಕರ ‘ಷ್ಪ್ರೆಖ್‌ಷ್ಟುಂಡೆ’ಗೆ, ಅಂದರೆ ಭೇಟಿಯ ಹೊತ್ತಿಗೆ, ಒಂದು ಪುಟದ ರೂಪುರೇಷೆ ಹಿಡಿದು ಹೋಗಿ. ಬರಿಗೈಲಿ ಹೋಗಿ ‘ವಿಷಯ ಕೊಡಿ’ ಎಂದರೆ ಒಳ್ಳೆಯ ಅಭಿಪ್ರಾಯ ಹುಟ್ಟುವುದಿಲ್ಲ. ಒಪ್ಪಿಗೆಯಾದ ಮೇಲೆ ಆ ವಿಷಯದಲ್ಲಿ ಈಗಾಗಲೇ ಬಂದಿರುವ ಲೇಖನಗಳನ್ನು ಬಿಡಿಎಸ್‌ಎಲ್ ಎಂಬ ಗ್ರಂಥಸೂಚಿಯಲ್ಲಿ ಹುಡುಕಿ.

ಆವೃತ್ತಿಯ ವಿಷಯದಲ್ಲಿ ಹುಷಾರು. ಹಳದಿ ರಟ್ಟಿನ ರೆಕ್ಲಾಮ್ ಪ್ರಕಾಶನದ ಪುಸ್ತಕ ಅಗ್ಗ, ಜೇಬಿಗೆ ಹಿಡಿಯುತ್ತದೆ, ತರಗತಿಗೆ ಸಾಕು; ಪ್ರಬಂಧಕ್ಕೆ ಯಾವುದನ್ನು ಉಲ್ಲೇಖಿಸಬೇಕೆಂದು ಮೊದಲೇ ಕೇಳಿ. ಗೋಯ್ಥೆಯ ಕಾದಂಬರಿ ‘ವೆರ್ಥರ್’ 1774ರಲ್ಲಿ ಒಂದು ರೂಪದಲ್ಲಿ ಬಂತು, 1787ರಲ್ಲಿ ಆತನೇ ತಿದ್ದಿದ ಇನ್ನೊಂದು ರೂಪದಲ್ಲಿ. 1774ರ ಓದುಗರು ಹೀಗೆ ಓದಿದರು ಎಂದು ವಾದಿಸಿ 1787ರ ಪಠ್ಯದ ಸಾಲು ಕೊಟ್ಟರೆ ಇಡೀ ವಾದ ಕುಸಿಯುತ್ತದೆ. ಹಳೆಯ ಪದದ ಆ ಕಾಲದ ಅರ್ಥಕ್ಕೆ ಗ್ರಿಮ್ ಸಹೋದರರು ಆರಂಭಿಸಿದ ನಿಘಂಟು ನೋಡಿ. ಮೊದಲ ಸಂಪುಟ 1854ರದು, ಅದೂ ಉಚಿತ.

ಕೊನೆಯ ಪುಟದಲ್ಲಿ ‘ಇದು ನನ್ನದೇ ಬರಹ’ ಎಂಬ ಘೋಷಣೆಗೆ ಸಹಿ ಹಾಕಬೇಕು. ಬೇರೆಯವರ ವಾಕ್ಯವನ್ನು ಪದ ಬದಲಿಸಿ ಬರೆದರೂ ಅಡಿಟಿಪ್ಪಣಿ ಬೇಕು. ಇಲ್ಲದಿದ್ದರೆ ಕೃತಿಚೌರ್ಯ, ಸೆಮಿನಾರೇ ಹೋಗುತ್ತದೆ. ಅಂಕ ಬಂದ ಮೇಲೆ ಇನ್ನೊಮ್ಮೆ ಭೇಟಿಗೆ ಹೋಗಿ, ತಿದ್ದಿದ ಪ್ರತಿ ಕೇಳಿ ನೋಡಿ. ಅಂಚಿನಲ್ಲಿ ‘ಬೆಲೆಗ್?’ ಎಂದು ಎಷ್ಟು ಕಡೆ ಬರೆದಿದ್ದಾರೆ ಎಣಿಸಿ. ಪುರಾವೆ ಎಲ್ಲಿ ಎಂದು ಅದರ ಅರ್ಥ. ಮುಂದಿನ ಪ್ರಬಂಧ ಒಪ್ಪಿಸುವ ಮುನ್ನ ಆ ಪ್ರಶ್ನೆಯನ್ನು ಪ್ರತಿ ಪ್ಯಾರಾಗೂ ನೀವೇ ಹಾಕಿಕೊಳ್ಳಿ.